ಹೊಂದದ ಉಡುಪು: ಕ್ಯಾರೊಲೀನ್ ಸ್ಪರ್ಜನ್

ಮ್ಯಾಕ್‌ಬೆತ್ ನಾಟಕವನ್ನು ಒಮ್ಮೆ ಓದಿದವರಿಗೆ ರಕ್ತದ ನೆನಪು ಉಳಿಯುತ್ತದೆ. ಇರುಳಿನ ನೆನಪು ಉಳಿಯುತ್ತದೆ. ಎಷ್ಟು ಉಜ್ಜಿದರೂ ಹೋಗದ ಕೈಯ ಕಲೆಯ ನೆನಪು ಉಳಿಯುತ್ತದೆ. ಆದರೆ ಆ ನಾಟಕದ ಉದ್ದಕ್ಕೂ ಬಟ್ಟೆಬರೆಗಳ ಮಾತು ಬರುತ್ತದೆಂಬುದು ಎಷ್ಟು ಮಂದಿಯ ಗಮನಕ್ಕೆ ಬಂದಿದ್ದೀತು? ಕಾಡರಿನ ಪ್ರಭುಪದವಿ ತನಗೆ ಬಂದಿತೆಂದು ಕೇಳಿದೊಡನೆ ಮ್ಯಾಕ್‌ಬೆತ್, ಆ ಪ್ರಭು ಇನ್ನೂ ಬದುಕಿರುವಾಗ ಎರವಲು ಉಡುಪನ್ನು ತನಗೇಕೆ ತೊಡಿಸುತ್ತಿದ್ದಾರೆಂದು ಬೆರಗಾಗುತ್ತಾನೆ. ಅವನ ಮುಖವನ್ನು ನೋಡಿದ ಬ್ಯಾಂಕೊಗೆ, ಹೊಸ ಗೌರವವೂ ಹೊಸ ಅಂಗಿಯಂತೆ, ಬಳಕೆಯಿಂದಲ್ಲದೆ ಮೈಗೆ ಒಗ್ಗದು ಎನ್ನಿಸುತ್ತದೆ. ಕೊಲೆಗೆ ಹಿಂಜರಿದ ಗಂಡ, ಜನರಿಂದ ಬಂದ ಮೆಚ್ಚುಗೆಯನ್ನು ಅದರ ಹೊಳಪು ಮಾಸುವ ಮುನ್ನ ಧರಿಸಿಕೊಳ್ಳೋಣವೆಂದರೆ, ಹೆಂಡತಿ ಅವನು ಅದುವರೆಗೆ ಉಟ್ಟುಕೊಂಡಿದ್ದ ಆಸೆಯನ್ನೇ ಎತ್ತಿಕೊಂಡು ಹಂಗಿಸುತ್ತಾಳೆ. ಪಟ್ಟಾಭಿಷೇಕಕ್ಕೆ ಹೋಗಲೊಪ್ಪದ ಮ್ಯಾಕ್‌ಡಫ್, ಹೊಸ ಉಡುಪಿಗಿಂತ ಹಳೆಯದೇ ಹಿತವಾಗಿತ್ತೆಂದು ಕಂಡೀತೇನೋ ಎಂಬ ಶಂಕೆಯನ್ನು ಸೂಚಿಸಿ ತನ್ನ ಊರಿನ ದಾರಿ ಹಿಡಿಯುತ್ತಾನೆ. ಕಟ್ಟಕಡೆಗೆ ಎದುರು ಪಾಳೆಯದ ಆಂಗಸನ ಕಣ್ಣಿಗೆ ಬೀಳುವವನು, ದೈತ್ಯನ ನಿಲುವಂಗಿಯನ್ನು ಕದ್ದು ತೊಟ್ಟು ಅದರೊಳಗೆ ಕಾಣದಂತಾದ ಒಬ್ಬ ಕುಬ್ಜ.

ಇವು ಬೇರೆಬೇರೆ ಪಾತ್ರಗಳು, ಬೇರೆಬೇರೆ ಸಂದರ್ಭಗಳಲ್ಲಿ, ಪರಸ್ಪರ ಸಂಬಂಧವಿಲ್ಲದೆ ಆಡಿದ ಮಾತುಗಳು. ಅವನ್ನು ಒಂದೆಡೆ ಕೂಡಿಸಿ, ಇದೊಂದು ಎಳೆ, ಇದು ನಾಟಕದ ಮೊದಲಿನಿಂದ ಕಡೆಯವರೆಗೆ ಒಳಗೊಳಗೇ ಹರಿದುಬಂದಿದೆ, ಇದರಲ್ಲಿ ನಾಯಕನ ಸ್ವಭಾವವೇ ಅಡಗಿದೆ ಎಂದು ತೋರಿಸಿ, ಷೇಕ್ಸ್‌ಪಿಯರ್ ವಿಮರ್ಶೆಯ ಮಾತುಕತೆಯನ್ನು ಬೇರೊಂದು ದಿಕ್ಕಿಗೆ ತಿರುಗಿಸಿದವರು ಕ್ಯಾರೊಲೀನ್ ಸ್ಪರ್ಜನ್. ಇಂದು ಹ್ಯಾಮ್ಲೆಟ್ ನಾಟಕದ ರೋಗ, ಲಿಯರ್ ನಾಟಕದ ಚಿತ್ರಹಿಂಸೆ, ಮ್ಯಾಕ್‌ಬೆತ್ ನಾಟಕದ ಉಡುಪು ಎಂದು ತರಗತಿಗಳಲ್ಲಿ ಸಲೀಸಾಗಿ ಹೇಳುವ ಅಧ್ಯಾಪಕರಲ್ಲಿ ಹಲವರು ಆಕೆಯ ಹೆಸರನ್ನು ಹೇಳುವುದಿಲ್ಲ. ಹೇಳಬೇಕೆಂಬುದು ಅವರಿಗೆ ತೋಚುವುದೂ ಇಲ್ಲ. ಒಬ್ಬರು ಕಂಡುಕೊಂಡದ್ದು ಎಲ್ಲರ ಸ್ವತ್ತಾದಾಗ ಆಗುವುದು ಹೀಗೆಯೇ.

ಆಕೆ ಹುಟ್ಟಿದ್ದು 1869ರ ಅಕ್ಟೋಬರ್ 24ರಂದು, ಭಾರತದಲ್ಲಿ. ತಂದೆ ಬ್ರಿಟಿಷ್ ಸೈನ್ಯದಲ್ಲಿ ಕ್ಯಾಪ್ಟನ್. ನಮ್ಮ ನೆಲದಲ್ಲಿ ಹುಟ್ಟಿದವರೆಂಬ ಕಾರಣಕ್ಕೆ ನಾವು ಸಂತೋಷಪಡಬಹುದೇ ಹೊರತು ಅದರಿಂದ ಬೇರೇನನ್ನೂ ಸಾಧಿಸಹೊರಡುವುದು ಬೇಡ. ವಿದ್ಯಾಭ್ಯಾಸ ನಡೆದದ್ದು ಇಂಗ್ಲೆಂಡಿನ ಚೆಲ್ಟನಂ ಮಹಿಳಾ ಕಾಲೇಜಿನಲ್ಲಿ, ಜರ್ಮನಿಯ ಡ್ರೆಸ್ಡೆನ್ನಿನಲ್ಲಿ, ಬಳಿಕ ಲಂಡನ್ನಿನ ಕಿಂಗ್ಸ್ ಮತ್ತು ಯೂನಿವರ್ಸಿಟಿ ಕಾಲೇಜುಗಳಲ್ಲಿ. 1899ರಲ್ಲಿ ಆಕ್ಸ್‌ಫರ್ಡಿನ ಇಂಗ್ಲಿಷ್ ಆನರ್ಸ್ ಪರೀಕ್ಷೆಯಲ್ಲಿ ಆಕೆಗೆ ಮೊದಲನೆಯ ದರ್ಜೆ ಬಂದಿತು. ದರ್ಜೆ ಬಂದಿತು, ಪದವಿ ಬರಲಿಲ್ಲ. ಹೆಂಗಸರಿಗೆ ಪರೀಕ್ಷೆಯ ಕೊಠಡಿಯ ಬಾಗಿಲನ್ನು ತೆರೆದಿದ್ದ ಆಕ್ಸ್‌ಫರ್ಡ್ ಪದವಿಯ ಬಾಗಿಲನ್ನು ತೆರೆದದ್ದು 1920ರಲ್ಲಿ. ಮ್ಯಾಕ್‌ಬೆತ್ ತನಗೆ ಸಲ್ಲದ ಉಡುಪನ್ನು ತೊಟ್ಟವನು. ತನಗೆ ಸಲ್ಲತಕ್ಕ ನಿಲುವಂಗಿಯನ್ನು ತೊಡಲಾಗದೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹೊರಗೆ ನಿಂತ ತಲೆಮಾರಿನವರು ಈಕೆ. ಈ ಎರಡು ಸಂಗತಿಗಳಿಗೂ ನಂಟು ಕಲ್ಪಿಸುವುದು ಅತಿಯಾದೀತು. ಆದರೂ ಮನಸ್ಸಿಗೆ ಬಾರದಿರದು.

1901ರಲ್ಲಿ ಆಕೆ ಲಂಡನ್ನಿನ ಬೆಡ್‌ಫರ್ಡ್ ಕಾಲೇಜನ್ನು ಅಧ್ಯಾಪಕಿಯಾಗಿ ಸೇರಿದರು. 1911ರಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಚಾಸರ್ ಕವಿಯನ್ನು ಇಂಗ್ಲೆಂಡಿನವರೂ ಫ್ರಾನ್ಸಿನವರೂ ಕಾಲದಿಂದ ಕಾಲಕ್ಕೆ ಹೇಗೆ ಕಂಡರೆಂಬುದು ಆ ಪ್ರಬಂಧದ ವಸ್ತು. 1913ರಲ್ಲಿ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕ ಪೀಠ ದೊರೆಯಿತು. ಲಂಡನ್ ವಿಶ್ವವಿದ್ಯಾನಿಲಯದ ಮೊದಲ ಮಹಿಳಾ ಪ್ರಾಧ್ಯಾಪಕಿ ಎಂಬ ಹೆಗ್ಗಳಿಕೆ ಆಕೆಗೆ ಸಲ್ಲುತ್ತದೆ. ಇಂಗ್ಲಿಷ್ ಸಾಹಿತ್ಯದ ಅನುಭಾವವನ್ನು ಕುರಿತ ಆಕೆಯ ಚಿಕ್ಕ ಪುಸ್ತಕ ಬಂದದ್ದೂ ಅದೇ ವರ್ಷ. 1918ರಲ್ಲಿ ಬ್ರಿಟಿಷ್ ಶಿಕ್ಷಣ ನಿಯೋಗದೊಡನೆ ಅಮೆರಿಕಕ್ಕೆ ಹೋದಾಗ ಬಾರ್ನಾರ್ಡ್ ಕಾಲೇಜಿನ ಡೀನ್ ವರ್ಜಿನಿಯ ಗಿಲ್ಡರ್‌ಸ್ಲೀವ್ ಅವರ ಸ್ನೇಹವಾಯಿತು. ಜೊತೆಗೆ ಬಂದಿದ್ದ ರೋಸ್ ಸಿಜ್‌ವಿಕ್ ಆ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲೇ ಇನ್‌ಫ್ಲುಯೆಂಜಾದಿಂದ ತೀರಿಕೊಂಡರು. ಮಹಾಯುದ್ಧ ಮುಗಿದ ಹೊತ್ತು. ಬೇರೆಬೇರೆ ದೇಶಗಳ ವಿದ್ಯಾವಂತ ಸ್ತ್ರೀಯರು ಒಬ್ಬರನ್ನೊಬ್ಬರು ಅರಿತರೆ ಮತ್ತೊಂದು ಯುದ್ಧ ತಪ್ಪೀತೆಂಬ ಆಸೆಯಿಂದ ಮೂವರೂ ಕೂಡಿ ಯೋಚಿಸಿದ್ದ ಪದವೀಧರ ಸ್ತ್ರೀಯರ ಅಂತರರಾಷ್ಟ್ರೀಯ ಒಕ್ಕೂಟ 1919ರಲ್ಲಿ ಹುಟ್ಟಿಕೊಂಡಿತು. ಅದರ ಮೊದಲ ಅಧ್ಯಕ್ಷೆಯಾಗಿ ಸ್ಪರ್ಜನ್ 1924ರವರೆಗೆ ದುಡಿದರು. ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಬೋಧನೆ ಹೇಗಿರಬೇಕೆಂಬುದನ್ನು ಪರಿಶೀಲಿಸಿ 1921ರಲ್ಲಿ ವರದಿ ಕೊಟ್ಟ ನ್ಯೂಬೋಲ್ಟ್ ಸಮಿತಿಯಲ್ಲಿಯೂ ಆಕೆ ಸದಸ್ಯರಾಗಿದ್ದರು.

ಇಷ್ಟು ಸಾರ್ವಜನಿಕ ಕಾರ್ಯಗಳ ನಡುವೆ ಆಕೆಯ ಮೇಜಿನ ಮೇಲೆ ನಡೆಯುತ್ತಿದ್ದ ಕೆಲಸ ಒಂದೇ ಬಗೆಯದು: ಕೂಡಿಹಾಕುವುದು. ಚಾಸರನ ಬಗ್ಗೆ ಐನೂರು ವರ್ಷಗಳಲ್ಲಿ ಯಾರು ಯಾರು ಎಲ್ಲೆಲ್ಲಿ ಏನೇನು ಹೇಳಿದ್ದಾರೆ ಎಂಬುದನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದ ಆಕೆಯ ಸಂಗ್ರಹ 1925ರಲ್ಲಿ ಕೇಂಬ್ರಿಡ್ಜಿನಿಂದ ಮೂರು ಸಂಪುಟಗಳಾಗಿ ಹೊರಬಂದಿತು. ಹೊರಗಿನಿಂದ ನೋಡುವವರಿಗೆ ಇದು ಗುಮಾಸ್ತೆಯ ಕೆಲಸದಂತೆ ಕಂಡರೆ ಅಚ್ಚರಿಯಿಲ್ಲ. ಆದರೆ ಸಂಗ್ರಾಹಕರಲ್ಲಿ ಎರಡು ಜಾತಿ. ಕೂಡಿಸಿದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರು ಒಂದು ಜಾತಿ. ಕೂಡಿಸಿದ್ದನ್ನು ನೆಲದ ಮೇಲೆ ಹರಡಿಕೊಂಡು, ಇದರ ಪಕ್ಕಕ್ಕೆ ಅದನ್ನಿಟ್ಟರೆ ಏನು ಕಾಣುತ್ತದೆಂದು ಕಾದು ಕೂರುವವರು ಇನ್ನೊಂದು ಜಾತಿ. ಸ್ಪರ್ಜನ್ ಎರಡನೆಯ ಜಾತಿಗೆ ಸೇರಿದವರು. ಪ್ರಿನ್ಸ್‌ಟನ್‌ನಲ್ಲಿ, ಕೀಟ್ಸ್ ಕವಿ ಓದಿ ಗೆರೆ ಎಳೆದಿದ್ದ ಷೇಕ್ಸ್‌ಪಿಯರನ ಏಳು ಚಿಕ್ಕ ಸಂಪುಟಗಳು ಆಕೆಯ ಕೈಗೆ ಸಿಕ್ಕವು. ಆ ಗೆರೆಗಳನ್ನು ಹಿಂಬಾಲಿಸಿ, ಯಾವ ಸಾಲು ಕೀಟ್ಸನ ಮನಸ್ಸಿನಲ್ಲಿ ಇಳಿದು ಮುಂದೆ ಅವನ ಯಾವ ಕವನದಲ್ಲಿ ಮೊಳೆಯಿತೆಂದು ಪತ್ತೆ ಹಚ್ಚಿ 1928ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕವಿ ತನಗೇ ಅರಿವಿಲ್ಲದೆ ಬಿಟ್ಟುಹೋಗುವ ಹೆಜ್ಜೆಯ ಗುರುತುಗಳಲ್ಲಿ ಆಕೆಗಿದ್ದ ಆಸಕ್ತಿ ಇಲ್ಲಿಯೇ ಸ್ಪಷ್ಟವಾಗಿದೆ.

ಮರುವರ್ಷ, 1929ರಲ್ಲಿ, ಆಕೆ ಕಾಲೇಜಿನಿಂದ ನಿವೃತ್ತರಾದರು. ಬಹಳ ಜನ ವಿಶ್ರಾಂತಿಗೆ ತೊಡಗುವ ಅರವತ್ತನೆಯ ವಯಸ್ಸಿನಲ್ಲಿ ತಮ್ಮ ಹೆಸರನ್ನು ಉಳಿಸಿದ ಕಾರ್ಯವನ್ನು ಲೋಕದ ಮುಂದಿಟ್ಟರು. ಷೇಕ್ಸ್‌ಪಿಯರನ ಎಲ್ಲ ನಾಟಕ ಕಾವ್ಯಗಳಿಂದ, ಒಂದನ್ನೂ ಬಿಡದೆ, ಪ್ರತಿಯೊಂದು ಉಪಮೆಯನ್ನೂ ರೂಪಕವನ್ನೂ ಚೀಟಿಗಳಿಗಿಳಿಸಿ, ಅವು ಯಾವ ಯಾವ ಲೋಕದಿಂದ ಬಂದವು ಎಂಬುದರ ಮೇಲೆ ವಿಂಗಡಿಸುವುದೇ ಆ ಕಾರ್ಯ. ತೋಟದಿಂದ ಬಂದವು, ಅಡುಗೆಮನೆಯಿಂದ ಬಂದವು, ಹಕ್ಕಿಗಳಿಂದ, ನದಿಯಿಂದ, ಕಾಯಿಲೆಯಿಂದ, ಆಟದಿಂದ ಬಂದವು ಹೀಗೆ. ಹೋಲಿಕೆಗಾಗಿ ಮಾರ್ಲೊ, ಬೇಕನ್ ಮೊದಲಾದ ಸಮಕಾಲೀನರ ಬರಹಗಳನ್ನೂ ಇದೇ ಜರಡಿಯಲ್ಲಿ ಹಾಕಿದರು. 1930ರಲ್ಲಿ ದುರಂತ ನಾಟಕಗಳ ಪ್ರತಿಮೆಗಳನ್ನು ಕುರಿತು ಷೇಕ್ಸ್‌ಪಿಯರ್ ಸಂಘದಲ್ಲಿ, 1931ರಲ್ಲಿ ಮರುಮರಳಿ ಬರುವ ಪ್ರತಿಮೆಗಳನ್ನು ಕುರಿತು ಬ್ರಿಟಿಷ್ ಅಕಾಡೆಮಿಯಲ್ಲಿ ಉಪನ್ಯಾಸ ಮಾಡಿದರು. 1935ರಲ್ಲಿ ‘ಷೇಕ್ಸ್‌ಪಿಯರನ ಪ್ರತಿಮೆಗಳು ಮತ್ತು ಅವು ನಮಗೆ ತಿಳಿಸುವುದೇನು’ ಎಂಬ ಗ್ರಂಥ ಬಂದಿತು. ಕೊನೆಯಲ್ಲಿ ಪ್ರತಿಮೆಗಳ ಲೆಕ್ಕ ತೋರಿಸುವ ಬಣ್ಣದ ಪಟಗಳೂ ಇದ್ದವು. ಕಾವ್ಯಕ್ಕೆ ಲೆಕ್ಕದ ಪಟವೇ ಎಂದು ಹುಬ್ಬೇರಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಅಲಂಕಾರಶಾಸ್ತ್ರವನ್ನು ಬಲ್ಲ ನಮ್ಮ ವಾಚಕರಿಗೆ ಒಂದು ಮಾತು ಹೊಳೆಯದಿರದು. ನಮ್ಮ ಲಾಕ್ಷಣಿಕರೂ ಉಪಮೆ ರೂಪಕಗಳನ್ನು ಎಣಿಸಿದವರೇ, ವಿಂಗಡಿಸಿದವರೇ. ಆದರೆ ಅವರ ಕಣ್ಣು ಉಪಮೇಯಕ್ಕೂ ಉಪಮಾನಕ್ಕೂ ಇರುವ ಸಂಬಂಧದ ಮೇಲೆ. ಸಾದೃಶ್ಯವೋ, ಅಭೇದವೋ, ಸಂದೇಹವೋ, ಭ್ರಾಂತಿಯೋ ಎಂಬುದನ್ನು ಹಿಡಿದು ಅವರು ಭೇದಗಳನ್ನು ಹೇಳಿದರು. ಸ್ಪರ್ಜನ್ ಈ ಸಂಬಂಧವನ್ನು ಬದಿಗೆ ಸರಿಸಿ ಉಪಮಾನವನ್ನು ಮಾತ್ರ ಹಿಡಿದರು. ಕವಿ ಏನನ್ನು ವರ್ಣಿಸುತ್ತಾನೆ ಎಂಬುದು ಕಥೆಯ ಅಗತ್ಯ. ಅದನ್ನು ಯಾವುದಕ್ಕೆ ಹೋಲಿಸುತ್ತಾನೆ ಎಂಬುದು ಅವನ ಆಯ್ಕೆ, ಎಷ್ಟೋ ವೇಳೆ ಆಯ್ಕೆಯೆಂದು ಅವನಿಗೇ ತಿಳಿಯದ ಆಯ್ಕೆ. ಹೀಗೆಂದು ನಂಬಿದ್ದರಿಂದಲೇ ಒಂದೇ ನಾಟಕದ ಉಪಮಾನಗಳು ಪದೇ ಪದೇ ಒಂದೇ ಕಡೆಯಿಂದ ಬರುವುದು ಆಕೆಗೆ ಕಂಡಿತು.

ರೋಮಿಯೊ ಜೂಲಿಯೆಟ್ ನಾಟಕದಲ್ಲಿ ಆಕೆ ಕಂಡದ್ದು ಬೆಳಕು: ಸೂರ್ಯ, ಚಂದ್ರ, ನಕ್ಷತ್ರ, ಮಿಂಚು, ಪಂಜು, ಮದ್ದಿನ ಪುಡಿಯ ಒಂದು ಕ್ಷಣದ ಉರಿ. ಪ್ರೇಮಿಗಳು ಒಬ್ಬರಿಗೊಬ್ಬರು ಬೆಳಕು. ಸುತ್ತಲಿನ ಲೋಕ ಕತ್ತಲೆ. ಬೆಳಗಿದ್ದು ಬೆಳಗಿದಷ್ಟೇ ಬೇಗ ಆರಬೇಕು. ಕಥೆಯ ವೇಗವೂ ಅದರ ಅಂತ್ಯವೂ ಆ ಪ್ರತಿಮೆಗಳಲ್ಲಿಯೇ ಇವೆ. ಹ್ಯಾಮ್ಲೆಟ್ ನಾಟಕಕ್ಕೆ ಬಂದರೆ ಹುಣ್ಣು, ಕೀವು, ಒಳಗೇ ಹಬ್ಬುವ ಕೊಳೆತ. ಕಿವಿಯಲ್ಲಿ ಹೊಯ್ದ ವಿಷದಿಂದ ದೊರೆ ಸತ್ತದ್ದು ಕಥೆಯ ಸಂಗತಿಯಾದರೆ, ಇಡೀ ದೇಶವೇ ರೋಗಿಯಾಗಿ ಮಲಗಿರುವುದು ಪ್ರತಿಮೆಗಳ ಸಂಗತಿ. ಇದರಿಂದ ಸ್ಪರ್ಜನ್ ತಲಪಿದ ನಿರ್ಣಯ ದಿಟ್ಟವಾದುದು. ಹ್ಯಾಮ್ಲೆಟನು ಏಕೆ ತಡಮಾಡಿದ, ಅವನ ಇಚ್ಛಾಶಕ್ತಿಯಲ್ಲಿ ಏನು ಕೊರತೆ ಎಂದು ನೂರು ವರ್ಷಕ್ಕೂ ಮಿಗಿಲಾಗಿ ವಿಮರ್ಶಕರು ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುತ್ತಿದ್ದರು. ಸೋಂಕು ತಗುಲಿದ ರೋಗಿ ಸೋಂಕಿಗೆ ಎಷ್ಟು ಹೊಣೆಯೋ ಹ್ಯಾಮ್ಲೆಟ್ ತನ್ನ ಸ್ಥಿತಿಗೆ ಅಷ್ಟೇ ಹೊಣೆ ಎಂಬುದು ಆಕೆಯ ತೀರ್ಮಾನ. ಇದನ್ನು ಒಪ್ಪದಿರಬಹುದು, ಒಪ್ಪದವರೂ ಈ ಪ್ರಶ್ನೆಯನ್ನು ದಾಟಿಯೇ ಹೋಗಬೇಕು.

ಲಿಯರ್ ನಾಟಕದಲ್ಲಿ ಆಕೆಗೆ ಕಾಣಿಸಿದ್ದು ಮನುಷ್ಯನ ಶರೀರ. ಎಳೆಯಲ್ಪಟ್ಟ, ಹಿಂಡಲ್ಪಟ್ಟ, ಚುಚ್ಚಲ್ಪಟ್ಟ, ಹಿಂಸಾಯಂತ್ರದ ಮೇಲೆ ಕೀಲು ಕೀಲು ಕಳಚಲ್ಪಟ್ಟ ಶರೀರ. ಮುದುಕನ ಮನಸ್ಸಿನ ಯಾತನೆಗೆ ಮಾತು ಹುಡುಕುವಾಗ ಕವಿಯ ಕೈ ತಾನಾಗಿ ಶರೀರದ ಯಾತನೆಯತ್ತ ಹೋಗಿದೆ. ಒಥೆಲೊ ನಾಟಕದಲ್ಲಿ ಒಂದನ್ನೊಂದು ಕಾಡಿ ತಿನ್ನುವ ಹುಳುಹುಪ್ಪಟೆಗಳು, ಹಾವು, ನೊಣ. ಆಂಟನಿ ಕ್ಲಿಯೋಪಾತ್ರದಲ್ಲಿ ಭೂಮಿ, ಆಕಾಶ, ಸಾಗರಗಳಿಗಿಂತ ಕಡಮೆಯಾದುದು ಯಾವುದೂ ಸಾಲದು.

ಇವೆಲ್ಲದರಲ್ಲಿ ಆಕೆಗೆ ಹೆಸರು ತಂದದ್ದೂ ಹೆಚ್ಚಿನ ಪೆಟ್ಟು ತಂದದ್ದೂ ಮ್ಯಾಕ್‌ಬೆತ್ ನಾಟಕದ ಉಡುಪು. ಅಲ್ಲಿಯವರೆಗೆ ಮ್ಯಾಕ್‌ಬೆತ್ ಎಂದರೆ ಭಯಂಕರನಾದರೂ ಭವ್ಯನಾದ ಪಾಪಿ. ಮಿಲ್ಟನ್ನನ ಸೈತಾನನಿಗೆ ಹತ್ತಿರದವನು. ಆ ಭವ್ಯತೆ ಇಲ್ಲವೆಂದು ಸ್ಪರ್ಜನ್ ಹೇಳಲಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಚಿತ್ರವನ್ನು ಕವಿ ಸದ್ದಿಲ್ಲದೆ ಇಟ್ಟಿದ್ದಾನೆ ಎಂದರು. ತನಗೆ ದೊಡ್ಡದಾದ ಬಟ್ಟೆಯನ್ನು ತೊಟ್ಟು, ಅದರ ತೋಳು ಕಾಲಿಗೆ ಸಿಕ್ಕಿ ಎಡವುವ ಒಬ್ಬ ಸಣ್ಣ ಮನುಷ್ಯನ ಚಿತ್ರ ಅದು. ಶೌರ್ಯ, ಕಲ್ಪನೆ, ಮಾತಿನ ವೈಭವ ಇವುಗಳಿಂದ ನಮ್ಮ ಕಣ್ಣು ಕೋರೈಸುತ್ತಿರುವಾಗ, ಪ್ರತಿಮೆಗಳು ಅವನ ನಿಜವಾದ ಅಳತೆಯನ್ನು ಹಿಡಿದು ತೋರಿಸುತ್ತಿವೆ. ಕನ್ನಡಕ್ಕಂತೂ ಮ್ಯಾಕ್‌ಬೆತ್ ಬೇರೆಬೇರೆ ವೇಷಗಳಲ್ಲಿ ಬಂದವನು, 1895ರಲ್ಲಿ ಎಂ. ಎಲ್. ಶ್ರೀಕಂಠೇಶಗೌಡರ ಕೈಯಲ್ಲಿ ಪ್ರತಾಪರುದ್ರದೇವನೇ ಆದ, ಮುಂದೆ ಡಿ.ವಿ.ಜಿ. ಅವನನ್ನು ಅವನ ಹೆಸರಿನಿಂದಲೇ ಕರೆತಂದರು. ಈ ವೇಷಾಂತರಗಳಲ್ಲಿ ಉಡುಪಿನ ಪ್ರತಿಮೆಗಳು ಎಷ್ಟು ಉಳಿದವು, ಎಷ್ಟು ಉದುರಿದವು ಎಂಬುದನ್ನು ಯಾರಾದರೂ ವಿದ್ಯಾರ್ಥಿ ಸ್ಪರ್ಜನ್ನರಂತೆ ಚೀಟಿ ಬರೆದುಕೊಂಡು ನೋಡಬಹುದು.

ಆಕೆಯ ಗ್ರಂಥದಲ್ಲಿ ದುರ್ಬಲವಾದ ಭಾಗವೂ ಉಂಟು; ವಿಚಿತ್ರವೆಂದರೆ ಆಕೆ ಬಹಳ ಪ್ರೀತಿಯಿಂದ ಬರೆದದ್ದು ಅದನ್ನೇ. ಪ್ರತಿಮೆಗಳನ್ನು ಹಿಡಿದು ಷೇಕ್ಸ್‌ಪಿಯರನೆಂಬ ಮನುಷ್ಯನನ್ನೇ ಕಣ್ಣ ಮುಂದೆ ನಿಲ್ಲಿಸಬಹುದೆಂದು ಆಕೆ ನಂಬಿದ್ದರು. ಅವನು ತೋಟಗಾರಿಕೆ ಬಲ್ಲವನು, ದುರ್ವಾಸನೆ ಸೈರಿಸದವನು, ಹಕ್ಕಿಯ ಹಾರಾಟವನ್ನು ನಿಂತು ನೋಡುವವನು ಎಂದೆಲ್ಲ ಚಿತ್ರಿಸಿದರು. ಲುಕ್ರೀಸ್ ಕಾವ್ಯದಲ್ಲಿ, ಸೇತುವೆಯ ಕಮಾನಿನಡಿ ನುಗ್ಗಿದ ನೀರು ಸುಳಿಗೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯುವ ಒಂದು ಹೋಲಿಕೆ ಇದೆ. ಸ್ಟ್ರಾಟ್‌ಫರ್ಡಿನ ಕ್ಲಾಪ್ಟನ್ ಸೇತುವೆಯ ಮೇಲೆ ನಿಂತು ನೋಡಿದಾಗ ಏವನ್ ನದಿ ಒಂದು ಕಮಾನಿನ ಬಳಿ ಹಾಗೆಯೇ ಹಿಂದಿರುಗುವುದು ಆಕೆಗೆ ಕಂಡಿತು. ಹುಡುಗ ಷೇಕ್ಸ್‌ಪಿಯರ್ ಇಲ್ಲಿಯೇ ನಿಂತು ಇದನ್ನು ನೋಡಿರಬೇಕು! ಆ ಪುಟವನ್ನು ಓದುವಾಗ ಆಕೆಯ ಸಂತೋಷ ನಮಗೂ ತಗಲುತ್ತದೆ. ಆದರೂ ಎಲ್ಲ ಹೋಲಿಕೆಗಳೂ ಕಣ್ಣಾರೆ ಕಂಡವೇ ಆಗಬೇಕಿಲ್ಲವಲ್ಲ. ಓದಿದ್ದು, ಕೇಳಿದ್ದು, ನುಡಿಗಟ್ಟಾಗಿ ಬಾಯಿಂದ ಬಾಯಿಗೆ ಬಂದದ್ದು ಇವೂ ಕವಿಯ ಬೊಕ್ಕಸವೇ. ಹಿಮಾಲಯವನ್ನು ಬಣ್ಣಿಸಿದ ನಮ್ಮ ಕವಿಗಳೆಲ್ಲ ಹಿಮಾಲಯ ಹತ್ತಿದವರಲ್ಲ. 1942ರಲ್ಲಿ ಅಮೆರಿಕದ ಲಿಲಿಯನ್ ಹಾರ್ನ್‌ಸ್ಟೀನ್ ಈ ವಿಧಾನದ ತಳಹದಿಯನ್ನೇ ಪ್ರಶ್ನಿಸಿ ವಿಸ್ತಾರವಾದ ಲೇಖನ ಬರೆದರು.

ಆ ವೇಳೆಗೆ ಸ್ಪರ್ಜನ್ ಇಂಗ್ಲೆಂಡಿನಲ್ಲಿರಲಿಲ್ಲ. 1936ರಲ್ಲಿ ಅಮೆರಿಕದ ಅರಿಜೋನ ಸಂಸ್ಥಾನದ ಟೂಸಾನ್ ಪಟ್ಟಣಕ್ಕೆ ಹೋಗಿ ನೆಲಸಿದ್ದರು. ಮೊದಲ ಗ್ರಂಥದ ಬೆನ್ನಿಗೇ ಬರಬೇಕೆಂದುಕೊಂಡಿದ್ದ ಮುಂದಿನ ಸಂಪುಟಗಳು ಬರಲೇ ಇಲ್ಲ. ಎರಡನೆಯ ಮಹಾಯುದ್ಧ ತಪ್ಪಲಿಲ್ಲ. ಒಕ್ಕೂಟ ಕಟ್ಟಿದವರ ಆಸೆ ಅಷ್ಟರಮಟ್ಟಿಗೆ ಹುಸಿಯಾಯಿತು. 1942ರ ಅಕ್ಟೋಬರ್ 24ರಂದು, ತಮ್ಮ 73ನೆಯ ಹುಟ್ಟುಹಬ್ಬದ ದಿನವೇ, ಆಕೆ ಟೂಸಾನ್‌ನಲ್ಲಿ ತೀರಿಕೊಂಡರು.

ಉಡುಪಿನ ವಿಚಾರದಲ್ಲಿ ಬಲವಾದ ಉತ್ತರ ಬಂದದ್ದು ಆಕೆ ಹೋದ ಐದು ವರ್ಷಗಳ ಮೇಲೆ. 1947ರಲ್ಲಿ ಅಮೆರಿಕದ ವಿಮರ್ಶಕ ಕ್ಲೀಂತ್ ಬ್ರೂಕ್ಸ್, ಉಡುಪು ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯವಲ್ಲ, ಅದು ಅವನದಲ್ಲ ಎಂಬುದು ಮುಖ್ಯ ಎಂದು ತೋರಿಸಿದ. ಮ್ಯಾಕ್‌ಬೆತ್ ಹಿಂಸೆಪಡುವುದು ಕುಳ್ಳನಾದುದರಿಂದಲ್ಲ, ಕಳ್ಳನಾದುದರಿಂದ. ಕಾವಲುಗಾರರ ಕಠಾರಿಗಳಿಗೆ ರಕ್ತವೇ ಚಲ್ಲಣವಾಗಿತ್ತೆಂದು ಮ್ಯಾಕ್‌ಬೆತ್ ಹೇಳುವ ವಿಕಾರವಾದ ಮಾತೂ ಈ ಸರಣಿಗೇ ಸೇರಿದ್ದು. ಅಲ್ಲಿಯೂ ಇರುವುದು ಸುಳ್ಳು ಉಡುಪೇ. ಅದಕ್ಕೆ ಎದುರಾಗಿ ನಾಟಕದಲ್ಲಿ ಬತ್ತಲೆಯಾದ ಒಂದು ಹಸುಗೂಸು ಬರುತ್ತದೆ. ದೊರೆಯನ್ನು ಕೊಲ್ಲುವ ಮುನ್ನ ಮ್ಯಾಕ್‌ಬೆತ್ತನ ಕಲ್ಪನೆಯಲ್ಲಿ ಕರುಣೆ ಬಿರುಗಾಳಿಯನ್ನೇರಿದ ಕೂಸಾಗಿ ಕಾಣುತ್ತದೆ. ಮೊಲೆ ಕಚ್ಚಿದ ಕೂಸನ್ನು ಕಿತ್ತು ಅಪ್ಪಳಿಸಬಲ್ಲೆನೆಂದು ಹೆಂಡತಿ ಹೇಳುತ್ತಾಳೆ. ಮಾಟಗಾತಿಯರು ರಕ್ತಸಿಕ್ತ ಶಿಶುವನ್ನು ತೋರಿಸುತ್ತಾರೆ. ಮ್ಯಾಕ್‌ಡಫ್‌ನ ಮಕ್ಕಳು ಸಾಯುತ್ತಾರೆ. ತಾಯ ಗರ್ಭದಿಂದ ಸೀಳಿ ತೆಗೆದವನ ಕೈಯಲ್ಲಿಯೇ ಮ್ಯಾಕ್‌ಬೆತ್ತನ ಮರಣ. ಸಿಂಹಾಸನವನ್ನು ಕದ್ದವನಿಗೆ ಮುಂದಿನ ಕಾಲವನ್ನು ಕದಿಯಲಾಗಲಿಲ್ಲ. ಅದು ಮಕ್ಕಳ ಸ್ವತ್ತು. ಸ್ಪರ್ಜನ್ನರ ವಿಂಗಡಣೆಯಲ್ಲಿ ಬಟ್ಟೆಯ ಚೀಟಿ ಒಂದು ಕಟ್ಟಿನಲ್ಲಿ, ಮಗುವಿನ ಚೀಟಿ ಇನ್ನೊಂದು ಕಟ್ಟಿನಲ್ಲಿ. ಅವೆರಡೂ ಪರಸ್ಪರ ಮಾತನಾಡಲು ದಾರಿಯಿರಲಿಲ್ಲ.

ಜರ್ಮನಿಯ ವುಲ್ಫ್‌ಗಾಂಗ್ ಕ್ಲೆಮೆನ್ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1936ರಲ್ಲಿ, ಸ್ಪರ್ಜನ್ನರ ಬೆನ್ನಿಗೇ. ಪ್ರತಿಮೆ ಎಷ್ಟು ಸಲ ಬಂದಿತೆಂಬುದಕ್ಕಿಂತ ಯಾರ ಬಾಯಲ್ಲಿ, ಯಾವ ಗಳಿಗೆಯಲ್ಲಿ ಬಂದಿತೆಂಬುದು ಅವನ ಪ್ರಶ್ನೆ. ಒಥೆಲೊ ನಾಟಕದಲ್ಲಿ ಈ ಪ್ರಶ್ನೆಯ ಬೆಲೆ ತಿಳಿಯುತ್ತದೆ. ಮೊದಮೊದಲು ನೊಣ, ಆಡು, ಕೋತಿಗಳು ಇಯಾಗೊನ ಬಾಯಲ್ಲಿ; ಒಥೆಲೊನ ಮಾತಿನಲ್ಲಿ ಸಮುದ್ರವಿದೆ, ಆಕಾಶವಿದೆ. ವಿಷ ಏರುತ್ತ ಏರುತ್ತ ಇಯಾಗೊನ ಜಂತುಗಳು ಒಥೆಲೊನ ನಾಲಗೆಗೆ ಹತ್ತುತ್ತವೆ. ಅವನು ಸೋತದ್ದನ್ನು ನಮಗೆ ಮೊದಲು ತಿಳಿಸುವುದು ಕರವಸ್ತ್ರವಲ್ಲ, ಆ ಉಪಮಾನಗಳು. ಒಟ್ಟು ಲೆಕ್ಕದ ಪಟದಲ್ಲಿ ಈ ವರ್ಗಾವಣೆ ಕಾಣದು.

ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಬ್ರೂಕ್ಸನಿಗೆ ತಿದ್ದಲು ಉಡುಪು ಸಿಕ್ಕಿದ್ದು ಸ್ಪರ್ಜನ್ ಅದನ್ನು ಬಿಚ್ಚಿ ಹರಡಿದ್ದರಿಂದ. ಪ್ರತಿಮೆಗಳಿಂದ ಕವಿಯನ್ನು ಹಿಡಿಯಲು ಹೊರಟ ಆಕೆಯ ಬಲೆಗೆ ಕವಿ ಬೀಳಲಿಲ್ಲ. ಆದರೆ ಅವನ ಪಾತ್ರಗಳು ಬಿದ್ದವು. ಮನುಷ್ಯರು ತಮ್ಮ ಬಗ್ಗೆ ಹೇಳಿಕೊಳ್ಳದುದನ್ನು ಅವರ ಸುತ್ತಣ ಉಪಮಾನಗಳು ಹೇಳಿಬಿಡುತ್ತವೆ ಎಂಬುದನ್ನು ಆಕೆ ನಾಟಕದಿಂದ ನಾಟಕಕ್ಕೆ ತೋರಿಸಿಕೊಟ್ಟರು. ಅದು ತಾವು ಮಾಡಿದ ದೊಡ್ಡ ಕೆಲಸವೆಂದು ಆಕೆಗೆ ಅನ್ನಿಸಿತ್ತೋ ಇಲ್ಲವೋ.

ಚೀಟಿಗೆ ಇಳಿಯದ ಒಂದು ಸಂದರ್ಭವನ್ನು ಇಲ್ಲಿ ನೆನೆಯಬೇಕು. ಐದನೆಯ ಅಂಕದಲ್ಲಿ ವೈರಿಗಳು ಇನ್ನೂ ದೂರದಲ್ಲಿರುವಾಗಲೇ ಮ್ಯಾಕ್‌ಬೆತ್ ತನ್ನ ಕವಚವನ್ನು ತರಲು ಕೂಗುತ್ತಾನೆ. ಅದರ ಅಗತ್ಯ ಇನ್ನೂ ಬಂದಿಲ್ಲವೆಂದು ಸೇಟನ್ ಹೇಳಿದರೂ ಕೇಳದೆ ತೊಡಿಸಲು ಆಜ್ಞೆ ಮಾಡುತ್ತಾನೆ. ತೊಡಿಸುತ್ತಿರುವಾಗ ವೈದ್ಯನೊಡನೆ ಹೆಂಡತಿಯ ಕಾಯಿಲೆಯ ಮಾತು. ಆ ಮಾತಿನ ನಡುವೆಯೇ ತೊಟ್ಟದ್ದನ್ನು ಕಿತ್ತು ತೆಗೆಯಲು ಹೇಳಿ, ಹಿಂದಿನಿಂದ ಹೊತ್ತು ತರುವಂತೆ ಅಪ್ಪಣೆಮಾಡಿ ಹೊರಟುಬಿಡುತ್ತಾನೆ. ಇಲ್ಲಿ ಹೋಲಿಕೆಯಿಲ್ಲ, ರೂಪಕವಿಲ್ಲ. ಇರುವುದು ನಿಜವಾದ ಕವಚ, ಅದನ್ನು ತೊಡಿಸಲಾರದೆ ತೆಗೆಯಲಾರದೆ ತಡಕಾಡುವ ಒಬ್ಬ ಸೇವಕ, ಮೈಮೇಲೆ ಯಾವುದೂ ನಿಲ್ಲದ ಒಬ್ಬ ದೊರೆ. ಐದು ಅಂಕಗಳಿಂದ ಮಾತಿನಲ್ಲಿದ್ದ ಉಡುಪು ಈಗ ರಂಗದ ಮೇಲೆ ಬಂದು ನಿಂತಿದೆ. ಸ್ಪರ್ಜನ್ನರನ್ನು ಓದಿದ ಮೇಲೆ ಈ ದೃಶ್ಯವನ್ನು ನೋಡುವವನಿಗೆ ಸೇಟನ್ನನ ಕೈಗಳ ಮೇಲಿಂದ ಕಣ್ಣು ತೆಗೆಯಲಾಗುವುದಿಲ್ಲ.